ಬಿಟ್ಟರೆ ಪೂರ್ತಿ ಬಿಡಬೇಕು

ಅಕ್ಟೋಬರ್ 16, ಗುರುವಾರ. ಮಧ್ಯಾಹ್ನ 2.10

ನಮ್ಮ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ಆಟದ ಡ್ರಾಫ್ಟ್ ಮುಗಿಯಿತು: ಅಮೆರಿಕದ ನಿಜ ಆಟಗಾರರನ್ನು ಸರದಿಯಂತೆ ಆರಿಸಿ ಫೋನಿನಲ್ಲಿ ತಂಡ ಕಟ್ಟುವುದು, ಅವರು ಅಲ್ಲಿ ಆಡಿದ್ದು ಇಲ್ಲಿ ನಮ್ಮ ಅಂಕ. ಮೊದಲ ಸರದಿಯಲ್ಲೇ ಕಂಬನನ್ನು ಎತ್ತಿಕೊಂಡೆ. ಊಟದ ಕೋಣೆಯಲ್ಲಿ ಎಲ್ಲ ತಂಡದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ನಕ್ಕ ಹಲ್ಲನ್ನೆಲ್ಲ ಏಪ್ರಿಲ್‌ನಲ್ಲಿ ಆಟ ಮುಗಿದಾಗ ಎಣಿಸುತ್ತೇನೆ.

ಕಂಬ ಅಂದರೆ ನಾವಿಟ್ಟ ಹೆಸರು. ಏಳಡಿ ಎರಡಿಂಚಿನ ಆಳು. ತಪ್ಪಿ ಹಾರಿದ ಚೆಂಡು ಹಿಡಿಯುವ ರೀಬೌಂಡ್ ಅವನದು, ಎದುರಾಳಿಯ ಎಸೆತ ತಡೆಯುವ ಬ್ಲಾಕ್ ಅವನದು, ಬುಟ್ಟಿಯ ಕೆಳಗೆ ಚೆಂಡು ಸಿಕ್ಕರೆ ಒಳಗೇ. ಆದರೆ ಫ್ರೀ ಥ್ರೋ ಗೆರೆಯಲ್ಲಿ ನಿಲ್ಲಿಸಿ — ಅಡ್ಡ ಬರುವವರು ಯಾರೂ ಇಲ್ಲ, ಸುಮ್ಮನೆ ಎಸೆದರಾಯಿತು — ಹತ್ತರಲ್ಲಿ ಐದು ಹೊರಗೆ.

"ಅಕ್ಕ, ಅವನು ನಿಮ್ಮ ಫ್ರೀ ಥ್ರೋ ಪರ್ಸೆಂಟೇಜನ್ನ ನೆಲಕ್ಕೆ ಹಾಕಿ ತುಳೀತಾನೆ," ಎಂದ ಮೌಸ್. ನಮ್ಮ ಹಲ್ಲಿನ ಲ್ಯಾಬಿನಲ್ಲಿ ಕಂಪ್ಯೂಟರ್ ಹೇಳಿದಂತೆ ಹಲ್ಲು ಕಡೆಯುವ ಮಿಲ್ಲಿಂಗ್ ಮೆಷಿನ್ ನೋಡಿಕೊಳ್ಳುವವನು. ಅವನ ಕೈಯಿಂದ ಮೌಸ್ ಬಿಟ್ಟದ್ದನ್ನು ಲ್ಯಾಬಿನಲ್ಲಿ ಯಾರೂ ಕಂಡಿಲ್ಲ.

"ತುಳೀಲಿ. ನನಗೆ ಅದು ಬೇಡವೇ ಬೇಡ."

ಅರ್ಥವಾಗಲಿಲ್ಲ ಅವನಿಗೆ. ನಾಲ್ಕು ವರ್ಷದಲ್ಲಿ ಮೂರು ಸಲ ಗೆದ್ದಿದ್ದೇನೆ, ಇನ್ನೂ ಅರ್ಥವಾಗಿಲ್ಲ. ಮೇಣದಣ್ಣನಿಗೂ ಅಷ್ಟೇ. ಹನ್ನೆರಡು ವರ್ಷದಿಂದ ನನ್ನ ಪಕ್ಕದ ಮೇಜು ಅವರದು. ಅವರು ಮೇಣದಲ್ಲಿ ಹಲ್ಲಿನ ಆಕಾರ ತೆಗೆಯುತ್ತಾರೆ, ನಾನು ಪಿಂಗಾಣಿಯಲ್ಲಿ ಹಲ್ಲು ಕಟ್ಟುತ್ತೇನೆ. ತಂಡವೂ ಜಂಟಿ. ಹೆಸರು ಬಾಚಿಹಲ್ಲು. "ಪಾಪ, ಆ ಹುಡುಗನಿಗೆ ಯಾರಾದ್ರೂ ಎಸೆಯೋದು ಹೇಳಿಕೊಡಬಾರದಾ?" ಎಂದರು. ಅಯ್ಯೋ ದೇವರೇ.

ಅಕ್ಟೋಬರ್ 17, ಶುಕ್ರವಾರ. ಸಂಜೆ

ದೊಡ್ಡೋರು ಒಳಗೆ ಕರೆದರು. ಲ್ಯಾಬಿನ ಯಜಮಾನರು ಇಬ್ಬರು, ಅಣ್ಣ ತಮ್ಮ. ನಮ್ಮ ಬಾಯಲ್ಲಿ ದೊಡ್ಡೋರು, ಚಿಕ್ಕೋರು. ಯಾವುದೋ ಹಲ್ಲು ವಾಪಸ್ ಬಂದಿರಬೇಕು ಅಂದುಕೊಂಡು ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಅಲ್ಲ.

"ಆ ಕಂಬನ್ನ ಯಾಕೆ ತಗೊಂಡ್ರಿ, ಹೇಳಿ ನೋಡೋಣ."

ಹೇಳಿದೆ. ವಾರಕ್ಕೊಬ್ಬ ಎದುರಾಳಿ. ಪಾಯಿಂಟ್, ರೀಬೌಂಡ್, ಅಸಿಸ್ಟ್ ಅಂತ ಒಟ್ಟು ಒಂಬತ್ತು ಲೆಕ್ಕ. ಐದರಲ್ಲಿ ಮೇಲಾದರೆ ವಾರ ನಮ್ಮದು. ಒಂಬತ್ತನ್ನೂ ಗೆಲ್ಲಲು ಹೊರಟವನು ಒಂಬತ್ತರಲ್ಲೂ ಸುಮಾರು. ಅದರ ಬದಲು ದೋಷವಿರುವ ದೊಡ್ಡ ಆಟಗಾರನನ್ನು ಹಿಡಿ. ಅವನ ದೋಷ ಯಾವ ಲೆಕ್ಕದಲ್ಲಿದೆಯೋ ಅದನ್ನು ಎದುರಾಳಿಗೆ ಧಾರೆ ಎರೆದುಬಿಡು. ಆಮೇಲೆ ಅದೇ ದೋಷದ ಇನ್ನೂ ಮೂವರನ್ನು ತಂದುಕೋ. ಉಳಿದ ತಂಡದವರು ಹೆದರಿ ಅಂಥವರನ್ನು ಬಿಟ್ಟಿರುತ್ತಾರೆ, ನಮಗೆ ಸುಲಭಕ್ಕೆ ಸಿಗುತ್ತಾರೆ. ಬಿಟ್ಟರೆ ಪೂರ್ತಿ ಬಿಡಬೇಕು. ಅರ್ಧ ಬಿಟ್ಟವನು ಎರಡೂ ಕಡೆ ಕೆಡುತ್ತಾನೆ.

"ಹಾಗಾದ್ರೆ ನೂರಕ್ಕೆ ತೊಂಬತ್ತು ಫ್ರೀ ಥ್ರೋ ಹಾಕೋನು ಇರ್ತಾನಲ್ಲ, ಅವನು?"

"ಜಗತ್ತೇ ಹೊಗಳಲಿ ಸರ್ ಅವನನ್ನ. ನಾನು ಬಿಟ್ಟುಕೊಟ್ಟ ಲೆಕ್ಕದಲ್ಲಿ ಅವನು ರಾಜ ಆದ್ರೆ ನನಗೇನು? ನನ್ನ ಪಟ್ಟೀಲಿ ಅವನಿಗೆ ಜಾಗವೇ ಇಲ್ಲ."

ದೊಡ್ಡೋರು ಪೆನ್ನು ತೆಗೆದು ಬರೆದುಕೊಂಡರು. ನಾನು ಹೇಳಿದ್ದನ್ನು ಆ ಮನುಷ್ಯ ಬರೆದುಕೊಂಡದ್ದು ಇದೇ ಮೊದಲು. ಸುಳ್ಳು ಯಾಕೆ, ಖುಷಿಯಾಯಿತು.

ನವೆಂಬರ್ 8, ಶನಿವಾರ

ಮೂರು ವಾರ, ಮೂರೂ ಗೆಲುವು. ಕಂಬ ಒಂದೇ ಆಟದಲ್ಲಿ ಹನ್ನೆರಡು ಫ್ರೀ ಥ್ರೋ ಎಸೆದು ಮೂರು ಹಾಕಿದ. ಹಲ್ಲು ಕಿರಿದು ನೋಡಿದೆ. ಇನ್ನೂ ಎಸೆ ಮಗನೇ.

ಕೆಲಸದಲ್ಲಿ ಮಾತ್ರ ಮೈಯೆಲ್ಲ ಉರಿ. ಚಿಕ್ಕೋರು ಮುಂದಿನ ಎರಡು ಹಲ್ಲಿಗೆ ಬಣ್ಣ ಬರೆದು ಕಳಿಸಿದ್ದರು. ಕಟ್ಟಿದೆ, ಸುಟ್ಟೆ, ಮತ್ತೆ ಕಟ್ಟಿದೆ — ಎರಡು ದಿನದ ಕೆಲಸ. ಬಾಯಲ್ಲಿಟ್ಟು ನೋಡಿದರೆ ಪಕ್ಕದ ಹಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಚಿಕ್ಕೋರು ಆ ಹಲ್ಲು ಹಾಕಿಸಿಕೊಳ್ಳುವ ಹೆಂಗಸಿನ ಬಾಯಿ ನೋಡಿಯೇ ಇರಲಿಲ್ಲ! ಫೋನಿನಲ್ಲಿ ಬಂದ ಫೋಟೋ ನೋಡಿ ಬರೆದದ್ದು. "ಕಣ್ಣು ಇರೋದು ಕನ್ನಡಕ ಇಡೋಕಾ?" ಅಂದೆ. ಚಿಕ್ಕೋರ ಫೋನಿನ ಸ್ಪೀಕರಿನಲ್ಲಿ ಆ ಕೆಲಸ ಕಳಿಸಿದ ಡಾಕ್ಟರು ಇದ್ದರಂತೆ. ನನಗೇನು ಗೊತ್ತು?

ಆ ಡಾಕ್ಟರು ಇನ್ನು ನಮಗೆ ಕೆಲಸ ಕಳಿಸುವುದಿಲ್ಲವಂತೆ. ಚಿಕ್ಕೋರು ಬಯ್ಯಲಿಲ್ಲ. ಬಾಗಿಲ ಹತ್ತಿರ ನಿಂತು, "ಅಕ್ಕ, ನೀವು ಹೇಳಿದ್ದು ಸರಿ. ಹೇಳಿದ ರೀತಿಗೆ ಒಬ್ಬ ಡಾಕ್ಟರ್ ಹೋದ್ರು," ಎಂದರು. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ಮನೆಯಲ್ಲಿ ಅತ್ತೆ: "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು." ಇವರಿಗೆ ಎಲ್ಲದಕ್ಕೂ ಒಂದು ಗಾದೆ.

ನವೆಂಬರ್ 24, ಸೋಮವಾರ. ಬೆಳಿಗ್ಗೆ 8.15

ಸೋತೆವು. ನಾಲ್ಕಕ್ಕೆ ಐದು. ಯಾಕೆ ಅಂತ ತೆಗೆದು ನೋಡಿದರೆ — ತಂಡದಲ್ಲಿ ಚೆಂಡುಗಳ್ಳ ಇಲ್ಲ! ಎದುರಾಳಿಯ ಕೈಯಿಂದ ಚೆಂಡು ಕಸಿದು ವಾರಕ್ಕೆ ಹತ್ತು ಸ್ಟೀಲ್ ತರುತ್ತಿದ್ದವನು. ಅವನನ್ನು ಹೊರಗೆ ಹಾಕಿ ಅಲ್ಲೊಬ್ಬ ಮುದುಕಪ್ಪನನ್ನು ಕೂರಿಸಲಾಗಿದೆ. ಅವನಿಗೆ ಬರುವುದು ಒಂದೇ ವಿದ್ಯೆ. ಫ್ರೀ ಥ್ರೋ.

ಮೇಣದಣ್ಣ. ಮತ್ತ್ಯಾರು?

"ಫೋನಿನಲ್ಲಿ ಆ ಫ್ರೀ ಥ್ರೋ ಸಾಲು ದಿನಾ ಕೆಂಪಗೆ ಕಾಣ್ತಿತ್ತಮ್ಮ. ನೋಡೋಕಾಗಲಿಲ್ಲ. ಒಬ್ಬನನ್ನ ಹಾಕಿದೆ."

"ಕೆಂಪಗೇ ಇರಬೇಕಣ್ಣ ಅದು! ಅದಕ್ಕೇ ಬಿಟ್ಟಿರೋದು! ಈಗ ಫ್ರೀ ಥ್ರೋನೂ ಸೋತ್ವಿ, ಸ್ಟೀಲೂ ಸೋತ್ವಿ."

"ಖಾಲಿ ಜಾಗ ಕಂಡ್ರೆ ತುಂಬೋದು ನಮ್ಮ ಕಸುಬಲ್ವಾ," ಎಂದು ನಕ್ಕರು.

ನಗಬಾರದಿತ್ತು. ಕಸುಬು ಅಂದರೆ ಬೇಗ ಮಾಡುವುದೂ ಕಸುಬೇ, ದಿನಕ್ಕೆ ನಾಲ್ಕು ಹಲ್ಲು ಕೆತ್ತಿಕೊಂಡು ಕೂತರೆ ಲ್ಯಾಬು ನಡೆದ ಹಾಗೇ ಅಂದೆ. ಎಲ್ಲರೂ ತಲೆ ಎತ್ತಿ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಟದ ಮಾತು ಎಲ್ಲಿಂದ ಎಲ್ಲಿಗೆ ಹೋಯಿತೋ ನನಗೇ ಗೊತ್ತಿಲ್ಲ.

ಡಿಸೆಂಬರ್ 3, ಬುಧವಾರ

ಒಂದು ವಾರ ಮಾತಿಲ್ಲ. ನಿನ್ನೆ ಅವರೇ ಒಂದು ಮೇಣದ ಹಲ್ಲನ್ನು ನನ್ನ ಮೇಜಿನ ಮೇಲಿಟ್ಟು, "ಇದರ ಅಂಚು ನೋಡು, ಸರಿ ಇದೆಯಾ?" ಎಂದರು. ಅಂಚು ಸರಿ ಇಲ್ಲದೆ ಅವರ ಕೈಯಿಂದ ಹಲ್ಲು ಹೊರಟ ದಿನವೇ ಇಲ್ಲ. ಮಾತಾಡಿಸಲು ಒಂದು ನೆಪ. "ಸರಿ ಇದೆ ಅಣ್ಣ," ಅಂದೆ. ಕ್ಷಮೆ ಕೇಳಲಿಲ್ಲ. ಆಯಿತಲ್ಲ, ಅಷ್ಟೇ.

ಇವತ್ತಿನ ಸುದ್ದಿ ದೊಡ್ಡದು. ಅಣ್ಣ ತಮ್ಮ ಬೇರೆಯಾಗುತ್ತಿದ್ದಾರೆ. ದೊಡ್ಡೋರು ಹೊಸ ಕಟ್ಟಡಕ್ಕೆ, ಚಿಕ್ಕೋರು ಇಲ್ಲೇ. ಕುಲುಮೆ, ಮೆಷಿನ್ನು ಎಲ್ಲ ಹಂಚಿಕೆಯಾಗಿದೆ. ಉಳಿದದ್ದು ನಾವು. ಹನ್ನೊಂದು ಜನ.

ಡಿಸೆಂಬರ್ 5, ಶುಕ್ರವಾರ. ಸಂಜೆ 6

ಎರಡು ದಿನ ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಇಬ್ಬರೂ ಪಿಸುಗುಟ್ಟಿದರು. ಇವರು ಕರೆದರೆ ಅವರಿಗೆ ಸಿಟ್ಟು, ಅವರು ಕರೆದರೆ ಇವರಿಗೆ. ಕೊನೆಗೆ ಮೌಸ್ ತಮಾಷೆಗೆ, "ನಮ್ಮ ಆಟದ ಹಾಗೆ ಡ್ರಾಫ್ಟ್ ಮಾಡಿಬಿಡಿ ಸರ್," ಎಂದ. ತಮಾಷೆ ಹೋಗಿ ನಿಜವೇ ಆಯಿತು. ಮುಂದಿನ ಶುಕ್ರವಾರ, ಊಟದ ಕೋಣೆಯಲ್ಲಿ, ಸರದಿಯ ಮೇಲೆ ಒಬ್ಬೊಬ್ಬರ ಆಯ್ಕೆ.

ಪಾಲಿಶ್ ಅಕ್ಕ ಮಾತ್ರ, "ನಾವೇನು ಸಂತೆ ಸಾಮಾನಾ?" ಎಂದಳು. ಅವಳು ಕೇಳಿದ್ದು ಸರಿ. ನಾನು ಕೇಳಬೇಕಿತ್ತು. ನಾನು ಏನು ಮಾಡಿದೆ? ಮೊದಲು ಆರಿಸಿದವರು ಒಬ್ಬರನ್ನು, ಆಮೇಲೆ ಇವರು ಇಬ್ಬರನ್ನು, ಅವರು ಇಬ್ಬರನ್ನು — ಹಾಗೆ ಹೋದರೆ ನ್ಯಾಯ ಅಂತ ನಿಯಮ ಹೇಳಿಕೊಟ್ಟೆ. ಬಾಗಿಲು ಹಾಕಿಕೊಂಡು ಮಾಡಬೇಡಿ, ಎಲ್ಲರ ಎದುರಿಗೇ ಆಗಲಿ ಅಂತಲೂ ನಾನೇ ಹಟ ಹಿಡಿದೆ. ದೊಡ್ಡ ಪಂಡಿತೆ.

ಹೊರಡುವಾಗ ದೊಡ್ಡೋರು ಮೆಲ್ಲಗೆ, "ನನಗೊಂದು ಪಟ್ಟಿ ಮಾಡಿಕೊಡ್ತೀರಾ? ಯಾರ ಬಲ ಏನು, ದೋಷ ಏನು, ಯಾರು ಯಾವ ಸರದೀಲಿ. ನಿಮ್ಮಷ್ಟು ಚೆನ್ನಾಗಿ ಇದು ಯಾರಿಗೂ ಬರಲ್ಲ," ಎಂದರು.

ಮಾಡಿಕೊಡುತ್ತೇನೆ ಅಂದೆ.

ಡಿಸೆಂಬರ್ 7, ಭಾನುವಾರ. ಮಧ್ಯಾಹ್ನ

ಪಟ್ಟಿ ಮುಗಿಯಿತು. ನಮ್ಮ ಮನೆಯವರು ಡ್ಯೂಟಿಯಲ್ಲಿ; ಅತ್ತೆ, ನಾನು ಇಬ್ಬರೇ.

ಮೌಸ್ — ವೇಗ ಇದೆ, ಒಂದು ದಿನವೂ ತಪ್ಪಿಸುವುದಿಲ್ಲ. ದೋಷ: ಮುಂದಿನ ಹಲ್ಲು ಮಾಡಿದರೆ ಬಚ್ಚಲಮನೆಯ ಟೈಲ್ಸ್. ದವಡೆ ಹಲ್ಲು ಮಾತ್ರ ಕೊಡಿ. ಪ್ಲಾಸ್ಟರಿನವನು — ಅಚ್ಚಿನಲ್ಲಿ ಒಂದು ಗುಳ್ಳೆ ಇರುವುದಿಲ್ಲ. ದೋಷ: ಮಾತು ನಿಲ್ಲುವುದಿಲ್ಲ. ಗೋಡೆಗೆ ಮುಖ ಮಾಡಿ ಕೂರಿಸಿ. ಪಾಲಿಶ್ ಅಕ್ಕ — ಅವಳ ಹೊಳಪು ಇನ್ನೊಬ್ಬರಿಗೆ ಬರುವುದಿಲ್ಲ. ದೋಷ: ಸೋಮವಾರ ಬರುವುದಿಲ್ಲ. ಸೋಮವಾರವನ್ನು ಬಿಟ್ಟುಬಿಡಿ.

ಹೀಗೆ ಎಲ್ಲರದೂ. ಕೊನೆಗೆ, ಹನ್ನೊಂದನೆಯ ಸಾಲಿನಲ್ಲಿ: ಮೇಣದಣ್ಣ. ದೋಷ — ನಿಧಾನ. ಯಾರೂ ಮುಟ್ಟುವುದಿಲ್ಲ, ಕೊನೆಗೆ ತಾನಾಗಿ ಬರುತ್ತಾರೆ. ಸರದಿ ಖರ್ಚು ಮಾಡಬೇಡಿ.

ಇದು ನನ್ನ ಜಾಣತನ. ಅವರು ನನ್ನ ಪಕ್ಕದಲ್ಲೇ ಇರಬೇಕು. ಅವರ ಮೇಣದ ಮೇಲಲ್ಲದೆ ನನ್ನ ಪಿಂಗಾಣಿ ಸರಿಯಾಗಿ ಕೂರುವುದಿಲ್ಲ. ಆದರೆ ಅದಕ್ಕೆ ಒಳ್ಳೆಯ ಸರದಿ ಯಾಕೆ ಹಾಳು ಮಾಡಬೇಕು? ಹೇಗಿದ್ದರೂ ಸಿಗುತ್ತಾರೆ.

ಒಂದನೆಯ ಸಾಲು ಖಾಲಿ ಬಿಟ್ಟೆ. ಅಲ್ಲಿ ಯಾರು ಅಂತ ಬರೆದು ತಿಳಿಸಬೇಕೇ?

ಅತ್ತೆ ಇಣುಕಿ ನೋಡಿದರು. "ಎಲ್ಲರ ದೋಷ ಬರೆದೆ. ನಿಂದು ಎಲ್ಲಿ?"

"ನಂದೇನು ದೋಷ ಅತ್ತೆ?"

"ನೀನು ಮಾಡಿಕೊಟ್ಟ ಹಲ್ಲು ಸೆಟ್ಟು ಡಬ್ಬೀಲಿ ಇದೆ ನೋಡು. ನೋಡೋಕೆ ಬಲು ಚಂದ. ಹಾಕ್ಕೊಂಡ್ರೆ ಕಚ್ಚುತ್ತೆ. ಮಾಡಿದವಳ ಹಾಗೇ."

ಬೊಚ್ಚು ಬಾಯಿ ತೆರೆದು ನಕ್ಕರು. ನನಗೆ ನಗು ಬರಲಿಲ್ಲ.

ಡಿಸೆಂಬರ್ 12, ಶುಕ್ರವಾರ. ಬೆಳಿಗ್ಗೆ 8.40

ಮಧ್ಯಾಹ್ನ ಒಂದಕ್ಕೆ. ಹೊಸ ಕಟ್ಟಡದಲ್ಲಿ ಉತ್ತರದ ಕಿಟಕಿ ಇರುವ ಮೇಜು ಕೇಳಬೇಕು. ಬಣ್ಣ ನೋಡಲು ಆ ಬೆಳಕೇ ಸರಿ. ಮೇಣದಣ್ಣನಿಗೂ ಅಲ್ಲೇ ಒಂದು ಕುರ್ಚಿ. ಅವರಿಗೆ ಹೇಳಿಲ್ಲ, ಆದ ಮೇಲೆ ಹೇಳುತ್ತೇನೆ.

ಅದೇ ದಿನ. 2.30

ಹಾಳೆ ಹರಿಯುವ ಹಾಗೆ ಪೆನ್ನು ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿಗೆ. ಬೇರೆ ಯಾವುದಕ್ಕೂ ಅಲ್ಲ.

ನಾಣ್ಯ ಚಿಮ್ಮಿದರು, ಮೊದಲ ಸರದಿ ದೊಡ್ಡೋರಿಗೆ. ನಾನು ಎದ್ದು ನಿಲ್ಲಲು ಕುರ್ಚಿಯನ್ನು ಹಿಂದಕ್ಕೆ ಸರಿಸಿಯೂ ಬಿಟ್ಟಿದ್ದೆ.

"ಮೌಸ್," ಎಂದರು.

ಇರಲಿ, ಬಾಯಿ ತಪ್ಪಿತೇನೋ ಅಂದುಕೊಂಡೆ. ಚಿಕ್ಕೋರಿಗೆ ಎರಡು: ಮೇಣದಣ್ಣ, ಪ್ಲಾಸ್ಟರಿನವನು. ಮೇಣದಣ್ಣ ಎರಡನೆಯವರು! ದೊಡ್ಡೋರು ಇನ್ನಿಬ್ಬರನ್ನು ತೆಗೆದರು. ನಾನಲ್ಲ. ಚಿಕ್ಕೋರು ಇಬ್ಬರನ್ನು. ನಾನಲ್ಲ. ದೊಡ್ಡೋರ ಕೊನೆಯ ಎರಡು ಸರದಿ — ಒಬ್ಬ ಅಚ್ಚು ಕತ್ತರಿಸುವವನು, ಇನ್ನೊಬ್ಬ ಬೈಕಿನಲ್ಲಿ ಪೆಟ್ಟಿಗೆ ಕೊಂಡುಹೋಗುವವನು. ಹದಿನೆಂಟು ವರ್ಷ ಹಲ್ಲು ಕಟ್ಟಿದ ಕೈಗಿಂತ ಒಂದು ಬೈಕು ಮೇಲಾಯಿತು!

ಉಳಿದದ್ದು ಪಾಲಿಶ್ ಅಕ್ಕ, ನಾನು. ಚಿಕ್ಕೋರು ಅವಳ ಕಡೆ ಕೈ ತೋರಿಸಿದರು. ಆಮೇಲೆ, "ಇನ್ನು ಅಕ್ಕ," ಎಂದರು.

ಹನ್ನೊಂದು. ಎಲ್ಲರ ಎದುರಿಗೆ. ಎದುರಿಗೇ ಆಗಲಿ ಅಂದವಳು ನಾನು.

ಅದೇ ದಿನ. ಸಂಜೆ 5.45

ದೊಡ್ಡೋರ ಕೋಣೆಗೆ ಹೋದೆ. ಬಾಗಿಲು ತಟ್ಟಲಿಲ್ಲ. ನನ್ನ ಪಟ್ಟಿ ಮೇಜಿನ ಮೇಲೇ ಇತ್ತು. ಖಾಲಿ ಬಿಟ್ಟ ಒಂದನೆಯ ಸಾಲಿನಲ್ಲಿ ಅವರ ಅಕ್ಷರದಲ್ಲಿ ಮೌಸ್.

"ನಿಮ್ಮ ಕೈ ಬಗ್ಗೆ ಎರಡು ಮಾತಿಲ್ಲ," ಎಂದರು. ಹಾಗೆ ಶುರು ಮಾಡಿದವರು ಯಾರೂ ಒಳ್ಳೆಯದನ್ನು ಹೇಳಿಲ್ಲ. "ಆದರೆ ನಾನು ಮುಂದಿನ ಹಲ್ಲು ಬಿಟ್ಟೆ. ಕೈಕೆಲಸಾನೇ ಬಿಟ್ಟೆ. ಎರಡನೇ ಮೆಷಿನ್ ಬರ್ತಿದೆ, ಬರೀ ದವಡೆ ಹಲ್ಲು, ದಿನಕ್ಕೆ ಎಂಬತ್ತು. ನೀವೇ ಹೇಳಿದ್ದಲ್ವಾ? ಬಿಟ್ಟರೆ ಪೂರ್ತಿ ಬಿಡಬೇಕು. ಬಿಟ್ಟ ಲೆಕ್ಕದಲ್ಲಿ ರಾಜ ಆದವನನ್ನ ಇಟ್ಕೊಂಡು ನಾನೇನು ಮಾಡ್ಲಿ?"

"ನನ್ನ ಬಾಯಿಗೆ ಹೆದರಿ ಬಿಟ್ಟೆ ಅನ್ನಿ, ಒಪ್ತೀನಿ!"

"ಬಾಯಿ ಲೆಕ್ಕಕ್ಕೇ ಬರಲಿಲ್ಲಮ್ಮ."

ಅದೇ ಉರಿಸಿದ್ದು. ದೋಷಕ್ಕಾಗಿ ಬಿಟ್ಟಿದ್ದರೆ ಜಗಳವಾಡಬಹುದಿತ್ತು. ಬಲಕ್ಕಾಗಿಯೇ ಬಿಟ್ಟರು. ಹೇಳಬಾರದ್ದನ್ನೆಲ್ಲ ಹೇಳಿದೆ. ಅವರ ತಂದೆಯ ಕಾಲದಿಂದ ಶುರು ಮಾಡಿ ಅವರ ಸ್ವಂತ ಮುಂದಿನ ಹಲ್ಲಿನವರೆಗೆ, ಅದೂ ನಾನೇ ಕಟ್ಟಿದ್ದು. ಆ ಹಲ್ಲು ತೋರಿಸಿಕೊಂಡೇ ಅವರು ಕೇಳುತ್ತಾ ಕೂತಿದ್ದರು.

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಅಂದರೆ ಇದೇ. ಪಾಠ ಹೇಳಿದವಳು ನಾನು, ನಿಯಮ ಹೇಳಿದವಳು ನಾನು, ಪಟ್ಟಿ ಬರೆದವಳು ನಾನು. ಛೀ.

ಡಿಸೆಂಬರ್ 13, ಶನಿವಾರ

ಹೋಗಲಿಲ್ಲ. ಫೋನ್ ಆಫ್. ಅತ್ತೆ ಗಾದೆ ಹೇಳಲಿಲ್ಲ. ಸುಮ್ಮನೆ ಆ ಡಬ್ಬಿಯಿಂದ ಹಲ್ಲು ಸೆಟ್ಟು ತೆಗೆದು ಹಾಕಿಕೊಂಡು ಎದುರಿಗೆ ಊಟಕ್ಕೆ ಕೂತರು. ಕಚ್ಚುತ್ತಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ತೆಗೆಯಿರಿ ಅತ್ತೆ ಅಂದರೂ ತೆಗೆಯಲಿಲ್ಲ.

ಡಿಸೆಂಬರ್ 15, ಸೋಮವಾರ. ಮಧ್ಯಾಹ್ನ 1.20

ರಾಜೀನಾಮೆ ಬರೆದುಕೊಂಡು ಹೋದೆ. ಚಿಕ್ಕೋರು ಅದನ್ನು ಓದಿ ಮಡಿಸಿದರು.

"ಅಕ್ಕ, ನನಗೆ ಎಲ್ಲರಿಗಿಂತ ಮೊದಲು ಬೇಕಾಗಿದ್ದು ನೀವು. ಇಲ್ಲಿ ಇನ್ನು ಮುಂದೆ ಮುಂದಿನ ಹಲ್ಲೇ ಕೆಲಸ."

"ಅದಕ್ಕೇ ಹನ್ನೊಂದನೆಯವಳಾ?"

"ಅಣ್ಣ ಎರಡನೇ ಮೆಷಿನ್‌ಗೆ ಆರ್ಡರ್ ಕೊಟ್ಟಿದ್ದು ನನಗೆ ಗೊತ್ತಿತ್ತು. ನಿಮ್ಮನ್ನ ತೆಗೆಯಲ್ಲ ಅಂತ ಗೊತ್ತಿತ್ತು. ಹೇಗಿದ್ರೂ ಬರೋರಿಗೆ ಒಳ್ಳೆ ಸರದಿ ಯಾಕೆ ಖರ್ಚು ಮಾಡೋದು ಅಂತ... ಬರೀ ಉಪಾಯ ಅಕ್ಕ. ನಿಮ್ಮನ್ನ ಬಿಡಬಾರದು ಅಂತಲೇ ಮಾಡಿದ್ದು."

"ಉಪಾಯಾನಾ? ಆ ಕುರ್ಚೀಲಿ ಒಬ್ಬಳೇ ಕೂತಿದ್ದವಳು ನಾನು! ಹತ್ತು ಜನ ಎದ್ದು ಹೋಗೋದನ್ನ ನೋಡ್ತಾ ಕೂತಿದ್ದವಳು ನಾನು! ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಕೂತವಳಿಗೆ ಹೇಗ್ರೀ ಗೊತ್ತಾಗುತ್ತೆ?"

ಇಡೀ ಲ್ಯಾಬಿಗೆ ಕೇಳಿಸಿರಬೇಕು. ಚಿಕ್ಕೋರು ತಲೆ ತಗ್ಗಿಸಿದರು. "ತಪ್ಪಾಯ್ತು," ಎಂದರು. ಯಜಮಾನರ ಬಾಯಲ್ಲಿ ಆ ಮಾತು ಕೇಳಿದ್ದು ಇದೇ ಮೊದಲು. ಕಾಗದ ವಾಪಸ್ ತೆಗೆದುಕೊಂಡೆ. ಹರಿಯಲಿಲ್ಲ, ಚೀಲದಲ್ಲಿದೆ.

ಹೊರಗೆ ಬಂದು ಮೇಜಿಗೆ ಕೂತೆ. ಮೇಣದಣ್ಣ ದೀಪ ಹಚ್ಚಿ ಮೇಣ ಕರಗಿಸುತ್ತಿದ್ದರು. ನನಗೆ ಇನ್ನೂ ಏದುಸಿರು. "ನೋಡಿದ್ರಾ ಅಣ್ಣ, ನನ್ನನ್ನ ಹನ್ನೊಂದನೆಯವಳು ಮಾಡಿದ್ರು," ಅಂದೆ.

ಅವರು ಕೆಲಸದಿಂದ ಕಣ್ಣೆತ್ತಲಿಲ್ಲ.

"ಹನ್ನೊಂದನೇ ಜಾಗ ನಂದು ಅಂತ ನೀನು ಬರೆದಿದ್ದೆ. ನೀನೇ ಹೋಗಿ ಕೂತುಬಿಟ್ಟೆ."

ಶುಕ್ರವಾರ ಅವರು ದೊಡ್ಡೋರ ಎದುರಿಗೇ ಕೂತಿದ್ದರು. ಪಟ್ಟಿ ಮೇಜಿನ ಮೇಲೆ ಹರಡಿತ್ತು. ಕೂದಲೆಳೆಯಷ್ಟು ಅಂಚನ್ನು ನೋಡುವ ಕಣ್ಣು. ತಲೆಕೆಳಗಾದ ಅಕ್ಷರ ಅವರಿಗೆ ಯಾವ ಲೆಕ್ಕ? ಅದೂ ನನ್ನ ಅಕ್ಷರ.

ನಗುತ್ತಲೇ ಹೇಳಿದರು. ಅದರಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. ಒಂದು ಸಲ ಬಯ್ಯಬಾರದೇ ಈ ಮನುಷ್ಯ? ಬಾಯಿ ಇದೆ ಬಾಯಿ ಇದೆ ಅಂತ ಊರೆಲ್ಲ ಹೇಳುತ್ತಾರೆ. ಆಗ ಎಲ್ಲಿ ಹೋಗಿತ್ತೋ ಹಾಳಾದ ಬಾಯಿ.

ಡಿಸೆಂಬರ್ 16, ಮಂಗಳವಾರ. ಬೆಳಿಗ್ಗೆ 8.35

ಬೇಗ ಬಂದಿದ್ದೇನೆ. ಲ್ಯಾಬಿನಲ್ಲಿ ಯಾರೂ ಇಲ್ಲ. ಇವತ್ತು ಹೇಳಲೇಬೇಕು. ಬಾಯಿ ಮತ್ತೆ ಕೈಕೊಟ್ಟರೆ ಅಂತ ಇಲ್ಲಿ ಬರೆದು ನೋಡುತ್ತಿದ್ದೇನೆ.

ಅಣ್ಣ, ಅದು ಬರೀ ಉಪಾಯ... ಇಲ್ಲ. ಇದು ಚಿಕ್ಕೋರು ಹೇಳಿದ್ದು.

ಅಣ್ಣ, ನಿಮ್ಮನ್ನು ಬಿಡಬಾರದು ಅಂತಲೇ ಕೊನೆಗೆ ಬರೆದೆ... ಇದೂ ಅವರದೇ. ಇದಕ್ಕೇ ಅಲ್ಲವೇ ನಿನ್ನೆ ಇಡೀ ಲ್ಯಾಬು ಕೇಳುವ ಹಾಗೆ ಕಿರುಚಿದ್ದು.

ಅಣ್ಣ, ನಿಮ್ಮ ನಿಧಾನ ದೋಷವೇ ಅಲ್ಲ... ಸುಳ್ಳು. ಅವರಿಗೆ ಸುಳ್ಳು ಬೇಡ. ನಿಧಾನ ಹೌದು. ಆ ನಿಧಾನವನ್ನು ನಂಬಿಕೊಂಡೇ ಹನ್ನೆರಡು ವರ್ಷ ನಾನು ಒಂದು ಅಂಚನ್ನೂ ಎರಡು ಸಲ ನೋಡಲಿಲ್ಲ. ಅದನ್ನು ಎಲ್ಲಿಯೂ ಬರೆಯಲಿಲ್ಲ. ಎಲ್ಲರ ಬಲ ಬರೆದೆ, ಅವರದೊಂದು ಬಿಟ್ಟು.

ಗೇಟಿನ ಸದ್ದು. ಬಂದರು. ಚಪ್ಪಲಿ ಬಿಡುತ್ತಿದ್ದಾರೆ.

ಅಣ್ಣ, ನಾನು